ಬಾದಾಮಿಗೆ ಅರ್ಧ ದಿನ ಸಾಲದು

ನಮಸ್ಕಾರ. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಟ್ಯಾಕ್ಸಿಯವರನ್ನು ಕೇಳಿದರೂ ಟೂರ್ ಪ್ಯಾಕೇಜ್ ತೆಗೆದರೂ ಸಾಮಾನ್ಯವಾಗಿ ಸಿಗೋದು ಇದೇ ಪಟ್ಟಿ. ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಸುಮಾರು 35. ದೂರದ ಲೆಕ್ಕದಲ್ಲಿ ಒಂದು ದಿನ ಸಾಕು. ಆದರೆ ಹೀಗೆ ಹೋದವರು ನಾಲ್ಕು ಗುಹೆ ಹತ್ತಿ ಇಳಿದು, ಚಾಲುಕ್ಯರ ರಾಜಧಾನಿಯನ್ನು ನೋಡದೇ ಹೊರಟುಬಿಡ್ತಾರೆ. ಬಾದಾಮಿಗೆ ಎರಡು ರಾತ್ರಿ ಕೊಡಿ. ಅದರಲ್ಲಿ ಒಂದು ದಿನ ವಾಹನ ಬಿಟ್ಟು ಕಾಲ್ನಡಿಗೆಗೆ ಇಡಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಮರಳುಗಲ್ಲು ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೂ ಝಳ ಹೊಡೀತಾನೇ ಇರುತ್ತೆ. ರೈಲಿನಲ್ಲಿ ಬರುವವರು ನೆನಪಿಡಿ: ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ಆಚೆ ಇದೆ, ಆಟೋ ಬೇಕಾಗುತ್ತೆ.

ಮೊದಲ ದಿನ ಬಾಗಿಲು ತೆರೆಯುವ ಹೊತ್ತಿಗೇ ಗುಹೆಗಳಿಗೆ ಹೋಗಿ, ಶಾಲಾ ಬಸ್ಸುಗಳು ಬರುವ ಮುಂಚೆ. ನಾಲ್ಕಕ್ಕೂ ಸಮ ಸಮ ಸಮಯ ಹಂಚಬೇಡಿ. ಒಂದನೆಯದರಲ್ಲಿ ಹದಿನೆಂಟು ಕೈಗಳ ನಟರಾಜ ಹೊರಗಿನ ಬಂಡೆಯ ಮೇಲೇ ಇದ್ದಾನೆ, ಒಳಗೆ ನುಗ್ಗುವ ಆತುರದಲ್ಲಿ ಅವನನ್ನು ದಾಟಿ ಹೋಗ್ಬೇಡಿ. ಅರ್ಧದಷ್ಟು ಸಮಯ ಮೂರನೆಯದಕ್ಕೇ ಉಳಿಸಿ. ಅಲ್ಲಿ ಚಾಲುಕ್ಯ ಮನೆತನದ ಮಂಗಳೇಶನ ಶಾಸನ ಇದೆ, ಶಕ 500, ಅಂದರೆ ಕ್ರಿ.ಶ. 578. ಗುಹೆಯ ಕಾಲ ಊಹೆಯ ಮೇಲೆ ನಿಂತಿಲ್ಲ, ಕಲ್ಲಲ್ಲೇ ಬರೆದಿದೆ. ಆದಿಶೇಷನ ಮೇಲೆ ಕೂತ ವಿಷ್ಣು, ನರಸಿಂಹ, ತ್ರಿವಿಕ್ರಮ ತಾವಾಗಿಯೇ ಕಣ್ಣಿಗೆ ಬೀಳ್ತಾರೆ. ಹೆಚ್ಚಿನವರಿಗೆ ತಪ್ಪಿಹೋಗೋದು ತಲೆಯ ಮೇಲಿರೋದು: ಕಂಬದ ತುದಿಯಲ್ಲಿ ಆತು ನಿಂತ ಜೋಡಿಗಳು, ಚಾವಣಿಯಂಚಿನಲ್ಲಿ ಅಲ್ಪಸ್ವಲ್ಪ ಉಳಿದಿರುವ ಬಣ್ಣದ ಚಿತ್ರ. ನೆರಳಿಗೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಲ್ಲಿ. ಫ್ಲಾಷ್ ಖಂಡಿತ ಬೇಡ.

ಮಂಗಗಳ ವಿಷಯ. ಜನ ತಿಂಡಿ ಕೊಟ್ಟು ಕೊಟ್ಟು ಅವಕ್ಕೆ ಪ್ಲಾಸ್ಟಿಕ್ ಕವರ್ ಕಂಡರೆ ಊಟ ಅಂತ ರೂಢಿಯಾಗಿದೆ. ನೀರಿನ ಬಾಟಲಿ ಸಹಿತ ಎಲ್ಲವೂ ಜಿಪ್ ಹಾಕಿದ ಬ್ಯಾಗಿನೊಳಗೆ ಇರಲಿ. ಕಿತ್ತುಕೊಂಡರೆ ಎಳೆದಾಡಬೇಡಿ, ಕಚ್ಚುತ್ತವೆ.

ಬಿಸಿಲೇರಿದ ಮೇಲೆ ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಉತ್ತರಕ್ಕಿರುವ ಮ್ಯೂಸಿಯಂ. ಶುಕ್ರವಾರ ರಜೆ, ಅದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪ ಇಲ್ಲಿದೆ, ಅದೊಂದಕ್ಕಾಗಿಯೇ ಬರಬಹುದು. ನಾಲ್ಕು ಗಂಟೆಯ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಗುಡಿ ಕೆರೆಯ ಪೂರ್ವ ದಡದಲ್ಲಿ ಇರೋದರಿಂದ ಇಳಿಬಿಸಿಲು ನೇರ ಅದರ ಮೇಲೇ ಬೀಳುತ್ತೆ. ಬೆಳಿಗ್ಗೆ ಹೋದರೆ ಸೂರ್ಯ ಗುಡಿಯ ಬೆನ್ನಿಗಿರುತ್ತಾನೆ, ಫೋಟೋ ಕಪ್ಪಾಗುತ್ತೆ. ಮಳೆಗಾಲದಲ್ಲಾದರೆ ಪಕ್ಕದ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತೆ.

ತಟ್ಟುಕೋಟೆ ಕಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಕನ್ನಡಿಗರು ಬಿಡಲೇಬಾರದು. ಕ್ರಿ.ಶ. 700ರ ಆಸುಪಾಸಿನದು. ಜನಪದರು ಇವತ್ತಿಗೂ ಹಾಡುವ ತ್ರಿಪದಿಯ ಅತಿ ಹಳೆಯ ರೂಪ ಇಲ್ಲಿ ಕಲ್ಲಿನ ಮೇಲಿದೆ. ಇದನ್ನು ನೋಡದೇ ವಾಪಸ್ ಹೋಗುವ ಕನ್ನಡಿಗರ ಸಂಖ್ಯೆ ಕಂಡರೆ ನಿಜಕ್ಕೂ ನೋವಾಗುತ್ತೆ.

ಎರಡನೇ ದಿನ ಬೆಳಗಿನ ಜಾವ ಉತ್ತರದ ಕೋಟೆ ಹತ್ತಿ. ಮ್ಯೂಸಿಯಂ ಪಕ್ಕದಿಂದಲೇ ದಾರಿ, ಎರಡೂ ಕಡೆ ನೆಟ್ಟಗೆ ನಿಂತ ಬಂಡೆಗಳ ನಡುವಿನ ಸಂದಿಯಲ್ಲಿ ಹಾದು ಮೇಲೇಳುತ್ತೆ. ಆಮೇಲೆ ಮಹಾಕೂಟ, ಹಳೆಯ ಶಿವಾಲಯಗಳ ಗುಂಪು. ರಸ್ತೆಯಲ್ಲಿ ಸುತ್ತಿ ಬಳಸಿ ಸುಮಾರು 14 ಕಿಲೋಮೀಟರ್, ಗುಡ್ಡದ ಮೇಲಿನ ಹಳೆಯ ಕಾಲುದಾರಿಯಲ್ಲಿ ಐದರ ಆಸುಪಾಸು. ನೆರಳು ಕಡಿಮೆ, ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಬೇಕು. ಗುಡ್ಡದ ಮೇಲೆ ದಾರಿ ಕವಲೊಡೆಯೋದರಿಂದ ಸ್ಥಳೀಯರೊಬ್ಬರನ್ನು ಜೊತೆಗೆ ಕರ್ಕೊಳ್ಳಿ. ವಾಪಸ್ ಬರೋಕೆ ಆಟೋ ಮೊದಲೇ ಹೇಳಿಟ್ಟಿರಿ. ಮಹಾಕೂಟದ ಪುಷ್ಕರಣಿಗೆ ಒರತೆಯ ನೀರು, ಇಳಿದು ಮೀಯೋಕೆ ಇನ್ನೊಂದು ಜೊತೆ ಬಟ್ಟೆ ಒಯ್ಯಿರಿ. ಮಂಗಳೇಶ ಶಾಸನ ಕೆತ್ತಿಸಿದ ಧರ್ಮಸ್ತಂಭ ಇಲ್ಲಿದೆ ಅಂತ ಹುಡುಕಬೇಡಿ, ಅದು ವಿಜಯಪುರದ ಮ್ಯೂಸಿಯಂನಲ್ಲಿದೆ.

ಊಟಕ್ಕೆ ಬನಶಂಕರಿ, ಊರಿಂದ 5 ಕಿಲೋಮೀಟರ್. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಿಟ್ಟು ಹೋಟೆಲ್ ಹುಡುಕಬೇಡಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಬರೋದಾದರೆ ರೂಮು ಬಹಳ ಮುಂಚೆಯೇ ಹಿಡಿದಿಡಿ.

ಐಹೊಳೆ, ಪಟ್ಟದಕಲ್ಲು ಮೂರನೇ ದಿನಕ್ಕೆ. ಬಾದಾಮಿ ಮೊದಲು ಆಗಲೇಬೇಕು ಅನ್ನೋಕೆ ಕಾರಣ ಇದೆ. ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ವಾತಾಪಿ, ಅಂದರೆ ಇದೇ ಬಾದಾಮಿ, ಹಿಡಿದು, ಇಲ್ಲಿನ ಬಂಡೆಯ ಮೇಲೇ ತನ್ನ ಶಾಸನ ಕೆತ್ತಿಸಿದ. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದ. ಊರು ಸುಡಲಿಲ್ಲ, ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಒಪ್ಪಿಸಿ, ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ. ಅದರ ಪೂರ್ವದ ಮಹಾದ್ವಾರದಲ್ಲಿರುವ ಕನ್ನಡ ಶಾಸನದಲ್ಲಿ ಗುಡಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ. ಒಳಗೆ ಹೋಗುವ ಮೊದಲು ಅದನ್ನು ಹುಡುಕಿ ನೋಡಿ.