ಹಳೆ ವಾಲ್ವ್ ಸೆಟ್ಟನ್ನು ಗಾಜಿನ ಕಪಾಟಿನಲ್ಲಿ ಇಡಬೇಡಿ

ನಮಸ್ಕಾರ್ರೀ. ಧಾರವಾಡದಿಂದ ಮಾತಾಡುತ್ತಿದ್ದೇನೆ. ಟೇಬಲ್ ಮೇಲೆ ಕಾಣಿಸುತ್ತಿರೋದು ಕೆನ್‌ವುಡ್ ಟಿಎಸ್-520, 1970ರ ದಶಕದ ಹ್ಯಾಮ್ ರೇಡಿಯೋ ಸೆಟ್ಟು, ಅಂದರೆ ಹವ್ಯಾಸಕ್ಕೆ ಗಾಳಿಯಲ್ಲಿ ಮಾತಾಡೋರದ್ದು. ಒಳಗೆ ಬಹುಪಾಲು ಟ್ರಾನ್ಸಿಸ್ಟರು, ಆದರೆ ಸಿಗ್ನಲ್ ಹೊರಗೆ ತಳ್ಳೋ ಕೊನೆಯ ಹಂತದಲ್ಲಿ ವಾಲ್ವ್, ಬಲ್ಬಿನಂಥ ಗಾಜಿನ ಕೊಳವೆ. ಸಿಗ್ನಲ್ಲಿಗೆ ಬಲ ಕೊಡೋ ಡ್ರೈವರ್ ಒಂದು, ಆಂಟೆನಾಗೆ ಪವರ್ ಕೊಡೋ ಫೈನಲ್ ಎರಡು.

ಮೊನ್ನೆ ಹುಬ್ಬಳ್ಳಿಯಲ್ಲಿ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಇಂಥದೇ ಸೆಟ್ಟು, ಧೂಳಿಲ್ಲದಂಗೆ ಒರೆಸಿ ಇಟ್ಟಿದ್ದಾರೆ. ಕೊನೆಗೆ ಯಾವಾಗ ಹಚ್ಚಿದ್ರಿ ಅಂತ ಕೇಳಿದೆ. ಅಪ್ಪ ಇದ್ದಾಗ, ಅಂದರು. ಹಚ್ಚಿದರೆ ಎಲ್ಲಿ ಹಾಳಾಗುತ್ತೋ ಅಂತ ಭಯವಂತೆ.

ಭಯ ಉಲ್ಟಾ ಇರಬೇಕು. ಹಚ್ಚದೇ ಇಟ್ಟರೇ ಇದು ಹಾಳಾಗೋದು. ಪವರ್ ಸಪ್ಲೈನಲ್ಲಿರೋ ವಿದ್ಯುತ್ ಹಿಡಿದಿಡೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಆಗಾಗ ವೋಲ್ಟೇಜ್ ಸಿಗಬೇಕು, ಇಲ್ಲದಿದ್ದರೆ ಒಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಬ್ಯಾಂಡ್, ಅಂದರೆ ಫ್ರೀಕ್ವೆನ್ಸಿಯ ಪಟ್ಟಿ, ಬದಲಿಸೋ ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕಪ್ಪಾಗುತ್ತವೆ. ಲೈಸೆನ್ಸ್ ಇದ್ದವರು ವಾರಕ್ಕೊಮ್ಮೆಯಾದರೂ ಇದನ್ನು ಹಚ್ಚಿ ಗಾಳಿಯಲ್ಲಿ ಮಾತಾಡಬೇಕು ಅನ್ನೋದು ನನ್ನ ಹಟ.

ಟ್ಯೂನ್ ಮಾಡೋದು ತಲೆನೋವು ಅಂತ ಬಹಳ ಜನ ಬಿಡುತ್ತಾರೆ. ಈಗಿನ ಸೆಟ್ಟಿನಲ್ಲಿ ಬಟನ್ ಒತ್ತಿ ಮಾತಾಡಿದರಾಯಿತು, ಅಲ್ವಾ? ಇದರಲ್ಲಿ ಹಂಗಲ್ಲ. ವಾಲ್ವ್ ಬಿಸಿ ಮಾಡೋ ಹೀಟರ್ ಹಾಕಿ ಒಂದೆರಡು ನಿಮಿಷ ಕಾಯಬೇಕು. ಮೊದಲು ಕೇಳುತ್ತಾ ಡ್ರೈವ್ ನಾಬ್ ತಿರುಗಿಸಿ, ಬ್ಯಾಂಡಿನ ಸದ್ದು ಎಲ್ಲಿ ಉಬ್ಬಿ ಬರುತ್ತದೋ ಅಲ್ಲಿ ನಿಲ್ಲಿಸಿ. ಆಂಟೆನಾ ತೆಗೆದು ಅದರ ಬದಲು ಪವರ್ ನುಂಗಿಕೊಳ್ಳೋ 50 ಓಮಿನ ಡಮ್ಮಿ ಲೋಡ್ ಹಾಕಿ, ಕಲಿಯುವಾಗ ಗಾಳಿಯಲ್ಲಿ ಸುಮ್ನೆ ಕ್ಯಾರಿಯರ್, ಅಂದರೆ ಮಾತಿಲ್ಲದ ಬರೀ ಸಿಗ್ನಲ್, ಬಿಡೋದು ಬೇರೆಯವರಿಗೆ ತೊಂದರೆ. ಮೋಡ್ ಟ್ಯೂನ್‌ಗೆ ತನ್ನಿ, ಮೀಟರ್ ಪ್ಲೇಟ್ ಕರೆಂಟಿಗೆ, ಅಂದರೆ ಫೈನಲ್ ವಾಲ್ವಿನ ಪ್ಲೇಟ್ ಅನ್ನೋ ಲೋಹದ ಭಾಗ ಎಳೆಯೋ ಕರೆಂಟಿಗೆ. ಈಗ ಪ್ಲೇಟ್ ನಾಬ್ ನಿಧಾನ ತಿರುಗಿಸಿದರೆ ಒಂದು ಕಡೆ ಮುಳ್ಳು ಸಟ್ಟನೆ ಕೆಳಗೆ ಬೀಳುತ್ತದೆ. ಅದೇ ಡಿಪ್.

ಆ ಡಿಪ್ ಅಂದರೆ ನನಗೆ ಇವತ್ತಿಗೂ ಖುಷಿ. ಪ್ಲೇಟ್ ಸರ್ಕ್ಯೂಟು ನಮ್ಮ ಫ್ರೀಕ್ವೆನ್ಸಿಗೆ ಸರಿಯಾಗಿ ಕೂತಾಗ ವಾಲ್ವ್ ಎಳೆಯೋ ಕರೆಂಟು ಇಳಿಯುತ್ತದೆ, ಹೊರಗೆ ಹೋಗೋ ಪವರ್ ಏರುತ್ತದೆ. ಕೂರದೇ ಇದ್ದರೆ ಅಷ್ಟೂ ಶಕ್ತಿ ಶಾಖವಾಗಿ ಪ್ಲೇಟನ್ನೇ ಸುಡುತ್ತದೆ. ಆಮೇಲೆ ಆಂಟೆನಾಗೆ ಪವರ್ ಹೊಂದಿಸೋ ಲೋಡ್ ನಾಬ್ ಸ್ವಲ್ಪ ಏರಿಸಿ, ಮತ್ತೆ ಡಿಪ್ ಹಿಡಿಯಿರಿ, ಮತ್ತೆ ಲೋಡ್, ಮತ್ತೆ ಡಿಪ್, ಔಟ್‌ಪುಟ್ ಇನ್ನು ಏರುವುದಿಲ್ಲ ಅನ್ನೋವರೆಗೂ. ಪ್ರತಿ ಸಲ 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಆರಲು ಬಿಡಿ. ನನ್ನ ಮೊದಲ ಸೆಟ್ಟಿನಲ್ಲಿ ಕೇಬಲ್ ಸಡಿಲ ಇತ್ತು, ಅದು ತಿಳಿಯದೆ ಡಿಪ್ ಹುಡುಕುತ್ತಾ ಅರ್ಧ ನಿಮಿಷ ಹಿಡಿದುಬಿಟ್ಟೆ. ಪ್ಲೇಟ್ ಕೆಂಪಗಾಗಿತ್ತು. ಒಂದು ಜೊತೆ ಫೈನಲ್ ಹೋದವು. ಆ ನೋವು ಇನ್ನೂ ಇದೆ.

ನಾಬ್ ಎಲ್ಲಿ ನಿಲ್ಲಬೇಕು ಅಂತ ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಸಾಲದು. ನನ್ನ ಆಂಟೆನಾ ಮಾಳಿಗೆ ಮೇಲಿನ ಕಂಬದಿಂದ ಎರಡೂ ಕಡೆ ಹತ್ತತ್ತು ಮೀಟರ್ ತಂತಿ, 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಜ್‌ಗೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತಂತಿ ತೊಯ್ದರೆ ಲೋಡ್ ನಾಬಿನ ಜಾಗ ಬದಲಾಗುತ್ತದೆ. ಹವಾಮಾನ ಕೈಬೆರಳಿಗೆ ಗೊತ್ತಾಗುತ್ತದೆ ಅನ್ನಿ. ಹೊಸ ಸೆಟ್ಟು ನನ್ನ ಹತ್ತಿರವೂ ಇದೆ, ಅದರ ಮೇಲೆ ಸಿಟ್ಟಿಲ್ಲ, ಆದರೆ ಅದು ಇದನ್ನೆಲ್ಲ ತಾನೇ ಮಾಡಿ ಮುಗಿಸಿಬಿಡುತ್ತದೆ, ನನಗೇನೂ ಹೇಳುವುದಿಲ್ಲ.

ಹಚ್ಚಿದ ಹೊಸದರಲ್ಲಿ ಫ್ರೀಕ್ವೆನ್ಸಿ ಸ್ವಲ್ಪ ಜಾರುತ್ತದೆ, ಅದು ನಿಜ. ಅರ್ಧ ತಾಸು ಬಿಸಿಯಾಗಲಿ. ಮುಂಜಾನೆ ಚಹಾಕ್ಕೆ ಮುಂಚೆ ಹಚ್ಚಿ ಇಡುತ್ತೇನೆ, ಮನೆಯ ಎಲ್‌ಇಡಿ ಬಲ್ಬು ಬಂದ್ ಮಾಡುತ್ತೇನೆ, ಅವುಗಳ ಗದ್ದಲ ಬಹಳ. ಆಮೇಲೆ 7 ಮೆಗಾಹರ್ಟ್ಜ್‌ನಲ್ಲಿ ಬೆಂಗಳೂರಿನವರು ಎದುರು ಕೂತಂಗೆ ಕೇಳಿಸುತ್ತಾರೆ.

ಇಲ್ಲೇ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ನಿಮ್ಮ ಮನೆಯಲ್ಲೂ ಇಂಥ ಸೆಟ್ಟು ಇದ್ದರೆ ಕೆಳಗಿಳಿಸಿ. ಆದರೆ ನೇರ ಪ್ಲಗ್ಗಿಗೆ ಹಾಕಬೇಡಿ. ಹಿಂದುಗಡೆ ವೋಲ್ಟೇಜ್ 220ರ ಕಡೆಗೆ ಇದೆಯಾ ನೋಡಿ, ಕೆಲವು 110ಕ್ಕೆ ಕಟ್ಟಿದವು ಇರುತ್ತವೆ. ಕವರ್ ತೆಗೆದರೆ ಒಳಗೆ ಕೈ ಹಾಕಬೇಡಿ, ಅಲ್ಲಿ 800 ವೋಲ್ಟ್ ಇರುತ್ತದೆ, ಬಂದ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಹೀಟರ್ ಆಫ್ ಇಟ್ಟು, 100 ವ್ಯಾಟಿನ ಹಳೆ ತಂತಿ ಬಲ್ಬ್ ಸೀರೀಸ್ ಹಾಕಿ, ಅಂದರೆ ಕರೆಂಟು ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವಂತೆ ಮಾಡಿ, ಹಚ್ಚಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಬೆಳಕಿನಲ್ಲೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಕೂಡಲೇ ಬಂದ್ ಮಾಡಿ, ಗೊತ್ತಿದ್ದವರ ಹತ್ತಿರ ಒಯ್ಯಿರಿ.