ಚುಕ್ಕಿ, ಸಾಲು, ಕರಪತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಹೊಸದಾಗಿ ಅಡಿಕೆ ತೋಟ ಹಾಕುವವರು ಸಸಿ ತರುವ ಮೊದಲು ಹಗ್ಗ ಹಿಡಿಯುತ್ತಾರೆ. ಗೂಟದಿಂದ ಗೂಟಕ್ಕೆ 9 ಅಡಿ, ಸಾಲಿನಿಂದ ಸಾಲಿಗೆ 9 ಅಡಿ. ಹಾಗೆ ನೆಟ್ಟರೆ ಎಕರೆಗೆ ಸುಮಾರು 540 ಗಿಡ ಕೂರುತ್ತವೆ, ನಡುವೆ ಬಸಿಗಾಲುವೆ ತೋಡಲು ಜಾಗವೂ ಉಳಿಯುತ್ತದೆ. ಆ ಕಾಲುವೆಯಲ್ಲಿ ಯಾರೂ ಏನನ್ನೂ ನೆಡುವುದಿಲ್ಲ. ಆದರೆ ಅದಿಲ್ಲದ ತೋಟದಲ್ಲಿ ಆಷಾಢದ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಪುಟ ವಿನ್ಯಾಸದಲ್ಲಿ ಗ್ರಿಡ್, ಅಂದರೆ ಪುಟವನ್ನು ಭಾಗ ಮಾಡುವ ಗೆರೆಗಳ ಚೌಕಟ್ಟು, ಈ ಹಗ್ಗ ಹಿಡಿಯುವ ಕೆಲಸವೇ. ಯಾವುದನ್ನು ಎಲ್ಲಿ ಇಡಬೇಕು ಅನ್ನುವುದು ಆಮೇಲಿನ ಮಾತು. ಎಷ್ಟೆಷ್ಟು ಅಂತರ ಬಿಡಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ಅಂಗಳದಲ್ಲಿ ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. '7ರಿಂದ 4, ಸಂದು ಚುಕ್ಕಿ' ಅಂದರೆ ಸಾಕು, ಇಡೀ ಚಿತ್ರದ ಅಳತೆ ಅವರ ಕೈಗೆ ಬಂದಿರುತ್ತದೆ.

ನಮ್ಮಲ್ಲಿ ತೊಡಕು ಬರುವುದು ಬೇರೆ ಕಡೆ. ಇವತ್ತು ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಗ್ರಿಡ್‌ಗಳ ಮೂಲ 1950ರ ದಶಕದ ಸ್ವಿಟ್ಜರ್ಲೆಂಡ್, ಅಲ್ಲಿನ ಜೂರಿಕ್ ಮತ್ತು ಬಾಸೆಲ್ ಊರುಗಳು. ಬಹಳ ಒಳ್ಳೆಯ ಕೆಲಸ ಅದು. ಆದರೆ ಅವು ರೋಮನ್ ಅಕ್ಷರದ ಎತ್ತರಕ್ಕೆ ಹೊಲಿದ ಅಂಗಿಗಳು. ಕನ್ನಡದ ಪುಟಕ್ಕೆ ಗ್ರಿಡ್ ಹುಟ್ಟಬೇಕಾದ್ದು ಕನ್ನಡದ ಸಾಲಿನಿಂದ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 'ಲಕ್ಷ್ಮೀನಾರಾಯಣ' ಎಂದು ಬರೆಯಿರಿ, ಅದರ ಕೆಳಗೆ 'ವಿಶ್ವೇಶ್ವರ' ಎಂದು ಬರೆಯಿರಿ. ಮೇಲಿನ ಹೆಸರಿನಲ್ಲಿ ಕ್ಷ್ಮೀ ಇದೆಯಲ್ಲ, ಅದರ ಕೆಳಗೆ ಷಕಾರ, ಮಕಾರ ಎರಡೂ ಒತ್ತುಗಳು ಇಳಿಯುತ್ತವೆ. ಕೆಳಗಿನ ಹೆಸರಿನ ಮೊದಲಕ್ಷರಕ್ಕೆ ಗುಡಿಸು, ಅದು ಮೇಲಕ್ಕೆ ಏರುತ್ತದೆ. ಹೆಚ್ಚಿನ ತಂತ್ರಾಂಶಗಳು ತಾವಾಗಿಯೇ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇಕಡಾ 120. ಅಚ್ಚಿನವರ ಅಳತೆಯಾದ ಪಾಯಿಂಟಿನಲ್ಲಿ ಹೇಳುವುದಾದರೆ 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್. ಅಷ್ಟರಲ್ಲಿ ಮೇಲಿನ ಸಾಲಿನ ಇಂಥ ಒತ್ತು ಕೆಳಗಿನ ಸಾಲಿನ ಇಂಥ ಗುಡಿಸಿಗೆ ತಾಗಬಹುದು, ಓದುವ ಕಣ್ಣು ಅಲ್ಲೇ ಎಡವುತ್ತದೆ. 12 ಪಾಯಿಂಟ್ ಕನ್ನಡಕ್ಕೆ 18 ಪಾಯಿಂಟ್ ಅಂತರ ಕೊಡಿ. ಫಾಂಟ್ ಬದಲಾದರೆ ಒಂದೆರಡು ಪಾಯಿಂಟ್ ಆಚೀಚೆ ಆಗಬಹುದು. 72 ಪಾಯಿಂಟ್ ಸೇರಿದರೆ ಒಂದು ಇಂಚು, ಹಾಗಾಗಿ 18 ಪಾಯಿಂಟ್ ಅಂದರೆ ಕಾಲು ಇಂಚು, 6.35 ಮಿಲಿಮೀಟರ್. ಇನ್ನು ಮುಂದೆ ಇದೇ ನಮ್ಮ ಅಳತೆಗೋಲು.

ಈಗ ಒಂದು ಯಕ್ಷಗಾನದ ಕರಪತ್ರ ಮಾಡೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಆಟದ ಕಾಲದಲ್ಲಿ ಅಂಗಡಿ ಬಾಗಿಲಿಗೆಲ್ಲ ಅಂಟಿರುತ್ತದಲ್ಲ, ಅಂಥದ್ದು. ಹೆಸರುಗಳು ತುಂಬಾ ಇರುವುದರಿಂದ ಗ್ರಿಡ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಕೈಗೆ ಕಾಗದ, ಪೆನ್ಸಿಲು ಸಿಕ್ಕಿದರೆ ಬರೆದುಕೊಳ್ಳಿ.

ಎ4 ಹಾಳೆ, 210 ಮಿಲಿಮೀಟರ್ ಅಗಲ, 297 ಎತ್ತರ. ಎಡಬಲಕ್ಕೆ 15 ಮಿಲಿಮೀಟರ್ ಬಿಡಿ, 180 ಉಳಿಯಿತು. ಅದರಲ್ಲಿ 25 ಮಿಲಿಮೀಟರಿನ 6 ಕಂಬ, ಅಂದರೆ ಕಾಲಂ, ಕಂಬಗಳ ನಡುವೆ ಖಾಲಿ ಬಿಡುವ 6 ಮಿಲಿಮೀಟರಿನ 5 ಬಸಿಗಾಲುವೆ. ಕೂಡಿಸಿ ನೋಡಿ, 150ಕ್ಕೆ 30 ಸೇರಿ ಸರಿಯಾಗಿ 180. ಎತ್ತರದಲ್ಲಿ ತಲಾ 6 ಸಾಲಿನ 6 ಪಟ್ಟಿ, ಪಟ್ಟಿಗಳ ನಡುವೆ ಒಂದೊಂದು ಸಾಲು ಖಾಲಿ. ಒಟ್ಟು 41 ಸಾಲು, ಸುಮಾರು 260 ಮಿಲಿಮೀಟರ್. ಮೇಲೆ 17 ಬಿಟ್ಟರೆ ಕೆಳಗೆ ಹತ್ತಿರ ಹತ್ತಿರ 20 ಉಳಿಯುತ್ತದೆ. ಕೆಳಗೆ ತುಸು ಹೆಚ್ಚಿರಲಿ, ಇಲ್ಲದಿದ್ದರೆ ಪುಟ ಕುಸಿದಂತೆ ಕಾಣುತ್ತದೆ.

ಮೊದಲ ಪಟ್ಟಿಯಲ್ಲಿ ಆಟ ಆಡಿಸುವವರ ಹೆಸರು. ಎರಡು ಮತ್ತು ಮೂರನೆಯದರಲ್ಲಿ ಪ್ರಸಂಗದ ಹೆಸರು, ವೇಷದ ಚಿತ್ರ. ನಾಲ್ಕು, ಐದರಲ್ಲಿ ಕಲಾವಿದರು. ಕೊನೆಯದರಲ್ಲಿ ದಿನ, ಹೊತ್ತು, ಸ್ಥಳ. ಕಲಾವಿದರ ಜಾಗದಲ್ಲಿ ಹಿಮ್ಮೇಳಕ್ಕೆ ಎಡಗಡೆ 2 ಕಂಬ, ಅಂದರೆ 56 ಮಿಲಿಮೀಟರ್. ಮುಮ್ಮೇಳಕ್ಕೆ ಉಳಿದ 4 ಕಂಬ: ಪಾತ್ರಕ್ಕೆ 2, ಕಲಾವಿದರಿಗೆ 2. ಎರಡು ಪಟ್ಟಿ, ನಡುವಿನ ಖಾಲಿ ಸಾಲು ಸೇರಿ 13 ಸಾಲು. 'ಮುಮ್ಮೇಳ' ಎಂಬ ತಲೆಬರಹ 24 ಪಾಯಿಂಟಿನಲ್ಲಿ 2 ಸಾಲು ತಿಂದರೆ ಹೆಸರಿಗೆ 11 ಸಾಲು. ಅದರಲ್ಲಿ 9 ತುಂಬಿಸಿ, 2 ಬಿಟ್ಟಿರಿ. ಅಚ್ಚಿಗೆ ಹೋಗುವ ಹಿಂದಿನ ಸಂಜೆ ಒಂದು ಹೆಸರು ಬಂದೇ ಬರುತ್ತದೆ. ಜಾಗ ಇಲ್ಲದಿದ್ದರೆ ಆ ಕಲಾವಿದನ ಹೆಸರನ್ನು ಅಂಚಿನಲ್ಲಿ 8 ಪಾಯಿಂಟಿಗೆ ತುರುಕಬೇಕಾಗುತ್ತದೆ, ಅದು ಅವಮಾನ. ನನಗೆ ಗ್ರಿಡ್ ಪ್ರಿಯವಾಗಿರುವುದು ಮುಖ್ಯವಾಗಿ ಇದಕ್ಕೇ. ಭಾಗವತರ ಹೆಸರೂ ಚಂಡೆಯವರ ಹೆಸರೂ ಒಂದೇ ಅಂಚಿನಿಂದ ಶುರುವಾಗುತ್ತವೆ. ಬದುಕಿನಲ್ಲೂ ಜನರಿಗೆ ಜಾಗ ಮಾಡಿಕೊಡುವುದೆಂದರೆ ಹೀಗೆಯೇ, ಅವರು ಬರುವ ಮೊದಲೇ ಚಾಪೆ ಹಾಸಿಟ್ಟಿರುವುದು.

ಪಾತ್ರ ಮತ್ತು ಕಲಾವಿದರ ನಡುವಿನ ಜಾಗವನ್ನು ಸ್ಪೇಸ್ ಬಾರ್ ಒತ್ತಿ ಸರಿ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಫಾಂಟ್ ಬದಲಿಸಿದ ಕೂಡಲೇ ಎಲ್ಲ ಹೆಸರೂ ಅಡ್ಡಾದಿಡ್ಡಿ ಆಗುತ್ತವೆ. ಟ್ಯಾಬ್ ಇಡಿ. ಎರಡನೆಯದು, ಎರಡೂ ಅಂಚಿಗೆ ಸಾಲನ್ನು ಎಳೆದು ಕೂರಿಸುವುದು. ನಮ್ಮ ಪದಗಳು ಉದ್ದ. 'ಅಧ್ಯಕ್ಷತೆಯನ್ನು ವಹಿಸಿಕೊಳ್ಳಲಿದ್ದಾರೆ' ಅಂದರೆ 56 ಮಿಲಿಮೀಟರಿಗೆ ಎರಡೇ ಪದ. ಎಳೆದರೆ ನಡುವೆ ಬಿಳಿ ಹೊಂಡ ಬೀಳುತ್ತದೆ. ಎಡಕ್ಕೆ ಸರಿಯಾಗಿ ನಿಲ್ಲಿಸಿ, ಬಲಗಡೆ ಅಂಚು ಹೇಗೋ ಇರಲಿ. ಇನ್‌ಡಿಸೈನ್ ಎಂಬ ಪುಟ ವಿನ್ಯಾಸದ ತಂತ್ರಾಂಶ ಬಳಸುವವರು ಪ್ಯಾರಾಗ್ರಾಫಿಗೆ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲವಾದರೆ ಯೂನಿಕೋಡ್ ಒತ್ತಕ್ಷರಗಳು ಒಡೆದು ಬೀಳುತ್ತವೆ.

ಚಿತ್ರ ಇಡುವಾಗ ಇನ್ನೊಂದು ಸೂಕ್ಷ್ಮ. ಪಕ್ಕದ ಬರಹದ ಚೌಕಟ್ಟಿಗೆ ಸರಿಯಾಗಿ ಚಿತ್ರದ ಮೇಲಂಚು ನಿಲ್ಲಿಸಿದರೆ ಅದು ಮೇಲೆ ಜಿಗಿದಂತೆ ಕಾಣುತ್ತದೆ. ಕನ್ನಡ ಓದುವ ಕಣ್ಣು ತಲೆಕಟ್ಟಿನ ಗೆರೆ ಹಿಡಿದು ಓಡುತ್ತದೆ. ಚಿತ್ರದ ಮೇಲಂಚು ಮೊದಲ ಸಾಲಿನ ತಲೆಕಟ್ಟಿಗೆ ಕೂಡಬೇಕು.

ಗ್ರಿಡ್ ಮೀರಬಹುದೇ? ಮೀರಬಹುದು, ಒಂದು ಪುಟದಲ್ಲಿ ಒಂದು ಸಲ. ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದ ವೇಷ ತನ್ನ ಪಟ್ಟಿ ದಾಟಿ ಮೇಲಿನದಕ್ಕೆ ತಲೆ ಎತ್ತಲಿ. ಸಾಗರದ ಕಡೆಯ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಎಳೆಯ ಪಕ್ಕ ಎಳೆ ಅಷ್ಟು ಬಿಗಿಯಾಗಿ ನಿಂತಿರುವುದರಿಂದಲೇ ಒಳಗಿನ ಪುಟ್ಟ ಮನುಷ್ಯರು, ಹಕ್ಕಿಗಳು ಎದ್ದು ಕಾಣುತ್ತವೆ. ಎಲ್ಲವೂ ಗೆರೆ ದಾಟಿದರೆ ಯಾವುದೂ ದಾಟಿದಂತಲ್ಲ.

ಪ್ರೆಸ್ಸಿಗೆ ಕೊಡುವ ಮುನ್ನ, ಬಣ್ಣ ಅಂಚಿನವರೆಗೆ ಇದ್ದರೆ ಸುತ್ತ 3 ಮಿಲಿಮೀಟರ್ ಹೆಚ್ಚು ಬಿಡಿ, ಕತ್ತರಿಸುವಾಗ ಬ್ಲೇಡು ಸ್ವಲ್ಪ ಸರಿಯುತ್ತದೆ. ಆಮೇಲೆ ನಿಜ ಅಳತೆಯಲ್ಲಿ ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ತಲೆಕೆಳಗಾಗಿ. ಹತ್ತು ಅಡಿ ಹಿಂದೆ ನಿಂತು ನೋಡಿ. ಅಕ್ಷರ ಓದಲು ಬಾರದಿದ್ದಾಗ ಕಂಬ, ಕಾಲುವೆಗಳಷ್ಟೇ ಕಣ್ಣಿಗೆ ಬೀಳುತ್ತವೆ, ಯಾವ ಸಾಲು ಜಾಗ ತಪ್ಪಿದೆ ಅನ್ನುವುದೂ ತಿಳಿಯುತ್ತದೆ. ಅದನ್ನು ಸರಿಪಡಿಸಿ, ನೇರ ಮಾಡಿ, ಊರಿನ ಹಿರಿಯರೊಬ್ಬರ ಕೈಗೆ ಕೊಟ್ಟು ಆಟ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ. ಅವರು ಹುಡುಕಾಡಿದರೆ ಕೊನೆಯ ಪಟ್ಟಿಯನ್ನು ಮತ್ತೆ ಕೂರಿಸಿ.

ನಮಸ್ಕಾರ.