ಹೀರೋಸ್ ಏಕರ್‌ಗೆ ತಪ್ಪು ಜರ್ಸಿ ಹಾಕಿಕೊಂಡು ಹೋದೆ | ಲುಸಾಕ ವ್ಲಾಗ್

ನಮಸ್ಕಾರ, ನಮಸ್ಕಾರ. ಚಿತ್ರ ಸ್ವಲ್ಪ ಅಲುಗಾಡುತ್ತಿದೆ, ಸಹಿಸಿಕೊಳ್ಳಿ. ಇದು ಜಾಂಬಿಯಾದ ರಾಜಧಾನಿ ಲುಸಾಕ. ಬೆಳಿಗ್ಗೆ ಎಂಟೂವರೆ. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಕ್ಯಾಮೆರಾ ಬ್ಯಾಟರಿ ನಲವತ್ತೊಂದು ಪರ್ಸೆಂಟ್‌ನಲ್ಲೇ ನಿಂತಿದೆ. ಈ ದೇಶಕ್ಕೆ ಬಹುಪಾಲು ಕರೆಂಟ್ ಬರುವುದು ನೀರಿನಿಂದ. ಕರೀಬಾ ಅಣೆಕಟ್ಟಿನಲ್ಲಿ ನೀರು ಇಳಿದರೆ ಲೋಡ್ ಶೆಡ್ಡಿಂಗ್ ಶುರು. ನಮಗೆ ಇದೆಲ್ಲ ಹೊಸದಲ್ಲ ಅಲ್ವಾ? ಹಾಗಾಗಿ ಇವತ್ತು ಬೇಗ ಬೇಗ ಮಾತಾಡುತ್ತೇನೆ ಅಂದುಕೊಂಡಿದ್ದೇನೆ. ಅದು ನನ್ನ ಕೈಲಿ ಆಗುವ ಕೆಲಸವಲ್ಲ, ಗೊತ್ತು.

ಇವತ್ತು ಹೋಗುತ್ತಿರುವುದು ಹೀರೋಸ್ ಏಕರ್‌ಗೆ, 1993ರ ವಿಮಾನ ದುರಂತದಲ್ಲಿ ತೀರಿಕೊಂಡ ಇಲ್ಲಿನ ಫುಟ್‌ಬಾಲ್ ತಂಡದ ಗೋರಿಗಳಿರುವ ಜಾಗ. ಅದಕ್ಕೂ ಮುಂಚೆ ಕಮ್ವಾಲಾ ಮಾರ್ಕೆಟ್. ಒಂದು ಜರ್ಸಿ ಬೇಕಿತ್ತು.

ಈ ಜರ್ಸಿ ಕತೆ ಹೇಳಲೇಬೇಕು. ಅಂಗಡಿಯವನು ಮೊದಲು ಹೇಳಿದ್ದು ನಾನೂರ ಐವತ್ತು ಕ್ವಾಚಾ. ಕ್ವಾಚಾ ಅಂದರೆ ಇಲ್ಲಿನ ದುಡ್ಡು. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ! ನಾನು ನೂರೈವತ್ತು ಅಂದೆ. ಅವನು ನಕ್ಕ. ನಾನು ಹೊರಟೆ. ಹತ್ತು ಹೆಜ್ಜೆ ಹಾಕಿದೆ, ಕರೆಯಲಿಲ್ಲ. ನಮ್ಮ ಊರಿನಲ್ಲಿ ಐದನೇ ಹೆಜ್ಜೆಗೇ ಕರೆಯುತ್ತಾರೆ, ಇಲ್ಲಿ ಕರೆಯಲಿಲ್ಲ ಮಹಾರಾಯ. ಸುಮ್ನೆ ಪಕ್ಕದ ಅಂಗಡಿಯ ಬಕೆಟ್ ನೋಡಿದ ಹಾಗೆ ಮಾಡಿ, ನಾನೇ ವಾಪಸ್ ಹೋದೆ. ಮರ್ಯಾದೆ ಅಲ್ಲಿಗೆ ಮುಗಿಯಿತು. ಕೊನೆಗೆ ಇನ್ನೂರ ಎಂಬತ್ತಕ್ಕೆ ಕುದುರಿತು. ಹಸಿರು ಬಣ್ಣ, ಎದೆ ಮೇಲೆ ಹದ್ದು, ಬೆನ್ನ ಮೇಲೆ ದೊಡ್ಡದಾಗಿ ಚಿಪೊಲೊಪೊಲೊ. ಬಟ್ಟೆ ದಪ್ಪ ಇದೆ, ಹೊಲಿಗೆ ಚೆನ್ನಾಗಿದೆ. ನಾನು ಗೆದ್ದೆ ಅಂದುಕೊಂಡೆ. ಅಂಗಡಿ ಹಿಂದೆಯೇ ಹಾಕಿಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಚಿಪೊಲೊಪೊಲೊ ಅನ್ನುವುದು ಇಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ತಂಡದ ಅಡ್ಡಹೆಸರು. ತಾಮ್ರದ ಗುಂಡುಗಳು ಅಂತ ಅರ್ಥ ಹೇಳುತ್ತಾರೆ. ತಿನ್ನುವ ಗುಂಡಲ್ಲ, ಬಂದೂಕಿನದ್ದು. ಇಡೀ ದೇಶವೇ ತಾಮ್ರದ ಮೇಲೆ ನಿಂತಿದೆ, ಬಾವುಟದಲ್ಲಿರುವ ಕಿತ್ತಳೆ ಪಟ್ಟಿ ಕೂಡ ಅದಕ್ಕೇ. ಮೊದಲು ಈ ತಂಡವನ್ನು ಕೆ.ಕೆ. ಇಲೆವೆನ್ ಅನ್ನುತ್ತಿದ್ದರು. ಕೆ.ಕೆ. ಅಂದರೆ ಕೆನೆತ್ ಕೌಂಡಾ, ಮೊದಲ ಅಧ್ಯಕ್ಷರು. ಕೈಯಲ್ಲಿ ಸದಾ ಒಂದು ಬಿಳಿ ಕರವಸ್ತ್ರ, ತಲೆಯಲ್ಲಿ ಸದಾ ಫುಟ್‌ಬಾಲ್. ಅಧ್ಯಕ್ಷರ ಹೆಸರನ್ನೇ ತಂಡಕ್ಕೆ ಇಡುವುದು ನನಗೆ ಇಷ್ಟವಿಲ್ಲ. ಆದರೆ ಆ ಮನುಷ್ಯನಿಗೆ ಆಟದ ಹುಚ್ಚು ನಿಜಕ್ಕೂ ಇತ್ತು, ಅದನ್ನು ಒಪ್ಪಿಕೊಳ್ಳಬೇಕು.

ಟ್ಯಾಕ್ಸಿ ಸಿಕ್ಕಿತು. ಇಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ರೋಬೋಟ್ ಅನ್ನುತ್ತಾರೆ. ‘ರೋಬೋಟ್ ಹತ್ತಿರ ಎಡಕ್ಕೆ’ ಅಂದಾಗ ಮೊದಲ ವಾರ ನಾನು ನಿಜವಾಗಿಯೂ ಕಣ್ಣರಳಿಸಿ ಹುಡುಕಿದ್ದೆ.

ರಸ್ತೆ ಸಾಗುವವರೆಗೆ ನಮ್ಮ ಸೋದರಮಾವನ ವಿಷಯ ಹೇಳುತ್ತೇನೆ. ಮಾವ ಎಂಬತ್ತರ ದಶಕದಲ್ಲಿ ಕಿಟ್ವೆಯಲ್ಲಿ ಗಣಿತದ ಮೇಷ್ಟ್ರು. ಆಗ ಭಾರತದಿಂದ ತುಂಬಾ ಜನ ಶಿಕ್ಷಕರು ಇಲ್ಲಿಗೆ ಬರುತ್ತಿದ್ದರು. ಕಿಟ್ವೆ, ಮುಫುಲಿರಾ, ಎಂಡೋಲಾ ಎಲ್ಲ ಸೇರಿ ಕಾಪರ್‌ಬೆಲ್ಟ್. ಗಣಿ ಇದ್ದಲ್ಲಿ ಕ್ಲಬ್ಬು, ಕ್ಲಬ್ಬು ಇದ್ದಲ್ಲಿ ಫುಟ್‌ಬಾಲ್. ಮಾವ ಊರಿಗೆ ಬಂದಾಗಲೆಲ್ಲ ಒಂದೇ ಕತೆ ಹೇಳುತ್ತಿದ್ದರು. 1988, ಸಿಯೋಲ್ ಒಲಿಂಪಿಕ್ಸ್, ಜಾಂಬಿಯಾ ನಾಲ್ಕು, ಇಟಲಿ ಸೊನ್ನೆ. ಇಟಲಿಯ ಗೋಲ್‌ನಲ್ಲಿ ನಿಂತಿದ್ದವನು ಟಕೋನಿ, ಸಾಮಾನ್ಯ ಕೀಪರ್ ಅಲ್ಲ. ಕಲುಷಾ ಬ್ವಾಲ್ಯಾ ಒಬ್ಬನೇ ಮೂರು ಗೋಲ್ ಹೊಡೆದ. ಮುಫುಲಿರಾದ ಹುಡುಗ. ಆ ವರ್ಷ ಆಫ್ರಿಕಾದ ಅತ್ಯುತ್ತಮ ಆಟಗಾರ ಅನ್ನುವ ಪ್ರಶಸ್ತಿಯೂ ಅವನಿಗೇ. ಮಾವ ರೇಡಿಯೊ ಕಾಮೆಂಟೇಟರ್ ಡೆನಿಸ್ ಲಿವೇವೆ ಥರ ದನಿ ಏರಿಸಿ ‘ಗೋಓಓಲ್’ ಅನ್ನುತ್ತಿದ್ದರು. ನಮ್ಮಜ್ಜಿ ಒಳಗಿನಿಂದ ‘ಯಾರಿಗೇನಾಯ್ತೋ’ ಅನ್ನುತ್ತಿದ್ದರು.

ಕ್ವಾರ್ಟರ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಕೈಲಿ ಅದೇ ನಾಲ್ಕು ಸೊನ್ನೆಯಿಂದ ಸೋತರು. ಅದನ್ನು ಮಾವ ಯಾವತ್ತೂ ಹೇಳಿರಲಿಲ್ಲ. ದೊಡ್ಡವನಾದ ಮೇಲೆ ನಾನೇ ಓದಿ ತಿಳಿದುಕೊಂಡೆ.

ಬಂತು. ಎಡಗಡೆ ಕಾಣುತ್ತಿದೆಯಲ್ಲ, ಆ ದೊಡ್ಡದು ನ್ಯಾಷನಲ್ ಹೀರೋಸ್ ಸ್ಟೇಡಿಯಂ. ಸುಮಾರು ಅರವತ್ತು ಸಾವಿರ ಜನ ಕೂರಬಹುದು, ಕಟ್ಟಿದ್ದು ಚೀನಾದವರು. ಪಕ್ಕದ ಹಳೆಯದು ಇಂಡಿಪೆಂಡೆನ್ಸ್ ಸ್ಟೇಡಿಯಂ. ಅದರ ಹೊರಗೇ ಹೀರೋಸ್ ಏಕರ್.

ಗಾರ್ಡ್ ಒಬ್ಬರು ಇದ್ದಾರೆ. ವಯಸ್ಸಾದವರು. ‘ಮುಲಿ ಬ್ವಾಂಜಿ’ ಅಂದೆ, ಇಲ್ಲಿನ ನ್ಯಾಂಜಾ ಭಾಷೆಯಲ್ಲಿ ಹೇಗಿದ್ದೀರಿ ಅಂತ. ಅವರಿಗೆ ಖುಷಿಯಾಯಿತು. ಕ್ಯಾಮೆರಾ ಪರವಾಗಿಲ್ಲ ಅಂದರು. ನಾನು ಮುಂದೆ ನಡೆದೆ. ಹಿಂದಿನಿಂದ ನಿಧಾನವಾಗಿ ಒಂದೊಂದೇ ಅಕ್ಷರ ಓದುವುದು ಕೇಳಿಸಿತು. ಆಮೇಲೆ, ‘ಬಾಸ್, ಇದು ಯಾವ ದೇಶದ ಟೀಮು?’

ಚಿಪೊಪೊಲೊ!

ಒಂದು ‘ಲೊ’ ಇಲ್ಲ. ಇನ್ನೂರ ಎಂಬತ್ತು ಕ್ವಾಚಾ ಕೊಟ್ಟಿದ್ದೇನೆ, ಒಂದು ‘ಲೊ’ ಇಲ್ಲ! ಚೌಕಾಸಿ ಮಾಡಿದ್ದಕ್ಕೆ ಒಂದು ಅಕ್ಷರ ಮುರಿದುಕೊಂಡನೋ ಏನೋ. ಹೊಲಿಗೆ ಎಳೆದು ನೋಡಿದೆ, ಬಟ್ಟೆ ಮೂಸಿ ನೋಡಿದೆ, ಕಾಲರ್ ಹಿಂದಿನ ಚೀಟಿ ಓದಿದೆ. ಹೆಸರು ಓದಲಿಲ್ಲ. ಯಾರು ತಾನೇ ಓದುತ್ತಾರೆ ಹೇಳಿ? ಕಣ್ಣಿಗೆ ಗೊತ್ತಿರುವ ಪದ, ಅದೇ ತುಂಬಿಕೊಂಡು ಬಿಡುತ್ತದೆ. ನೀವು ಮೊದಲಿನ ಶಾಟ್‌ಗೆ ಹಿಂದೆ ಹೋಗಿ ನೋಡಿ. ನಾನು ಬೆನ್ನು ತೋರಿಸಿಕೊಂಡು ಮೆರೆದಿದ್ದೇನೆ, ನಿಮಗೂ ಗೊತ್ತಾಗಿರಲ್ಲ. ಗೊತ್ತಾಗಿದ್ದರೆ ಸುಮ್ಮನಿರಿ.

ಒಳಗೆ ಮೂವತ್ತು ಜನರ ಹೆಸರಿನ ಜಾಗ ಇದು. ಇಲ್ಲಿ ತಂಡದ ಹೆಸರೇ ತಪ್ಪಿರುವ ಅಂಗಿ ಹಾಕಿಕೊಂಡು ಓಡಾಡಲು ಆಗುತ್ತದೆಯೇ? ಕಾರಿನ ಮರೆಗೆ ಹೋಗಿ ಒಳಗೆ ಹೊರಗೆ ತಿರುಗಿಸಿ ಹಾಕಿಕೊಂಡೆ. ಅದಕ್ಕೇ ಹೊಲಿಗೆ ಕಾಣುತ್ತಿರುವುದು.

ಸರಿ. ಇನ್ನು ಸ್ವಲ್ಪ ಹೊತ್ತು ನಗು ಬೇಡ.

1993ರ ಏಪ್ರಿಲ್ 25, ಭಾನುವಾರ. ಜಾಂಬಿಯಾ ಮಾರಿಷಸ್‌ಗೆ ಹೋಗಿ ಮೂರು ಸೊನ್ನೆಯಿಂದ ಗೆದ್ದಿತು. ಕೆಲ್ವಿನ್ ಮುಟಾಲೆ ಹ್ಯಾಟ್ರಿಕ್ ಹೊಡೆದ. ಮುಂದಿನ ಪಂದ್ಯ ಸೆನೆಗಲ್‌ನ ಡಕಾರ್‌ನಲ್ಲಿ, 1994ರ ವಿಶ್ವಕಪ್ ಅರ್ಹತೆಗೆ. ಸಾಮಾನ್ಯ ವಿಮಾನಕ್ಕೆ ದುಡ್ಡಿಲ್ಲ. ಹಾಗಾಗಿ ವಾಯುಪಡೆಯ ಬಫಲೋ ವಿಮಾನ. ಅದು ಇಷ್ಟು ದೂರ ಒಂದೇ ಸಲಕ್ಕೆ ಹಾರುವಂಥದ್ದಲ್ಲ. ಎಣ್ಣೆಗೆ ಬ್ರಾಝಾವಿಲ್‌ನಲ್ಲಿ ಇಳಿಯಬೇಕು, ಗ್ಯಾಬೊನ್‌ನ ಲಿಬ್ರೆವಿಲ್‌ನಲ್ಲಿ ಇಳಿಯಬೇಕು, ಅಬಿಜಾನ್‌ನಲ್ಲಿ ಇಳಿಯಬೇಕು. ನಮ್ಮ ಕೆಂಪು ಬಸ್ಸು ಊರೂರಿಗೆ ನಿಂತ ಹಾಗೆ. ಏಪ್ರಿಲ್ 27ರ ರಾತ್ರಿ ಲಿಬ್ರೆವಿಲ್‌ನಿಂದ ಮೇಲೆದ್ದ ಕೆಲವೇ ನಿಮಿಷಕ್ಕೆ ಎಡಗಡೆಯ ಎಂಜಿನ್‌ಗೆ ಬೆಂಕಿ. ಪೈಲಟ್ ನಿಲ್ಲಿಸಿದ್ದು ಬಲಗಡೆಯ ಎಂಜಿನ್. ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಸಮುದ್ರಕ್ಕೆ ಬಿತ್ತು. ಮೂವತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದರಲ್ಲಿ ಹದಿನೆಂಟು ಆಟಗಾರರು.

ಸರಿಯಿದ್ದ ಎಂಜಿನ್ ಯಾಕೆ ನಿಲ್ಲಿಸಿದರು? ಗ್ಯಾಬೊನ್‌ನವರ ವರದಿ ಹೇಳಿದ್ದು, ಎಚ್ಚರಿಕೆಯ ದೀಪ ಕೆಟ್ಟಿತ್ತು, ಪೈಲಟ್ ದಣಿದಿದ್ದರು. ಹಿಂದಿನ ದಿನವಷ್ಟೇ ಮಾರಿಷಸ್‌ನಿಂದ ತಂಡವನ್ನು ಕರೆತಂದಿದ್ದವರು ಅವರೇ. ಈ ವರದಿ ಬಂದಿದ್ದು ಯಾವಾಗ ಗೊತ್ತಾ? 2003ರಲ್ಲಿ. ಹತ್ತು ವರ್ಷ! ಒಂದು ದೀಪ ಕೆಟ್ಟಿತ್ತು ಅಂತ ಹೇಳುವುದಕ್ಕೆ ಹತ್ತು ವರ್ಷ. ನನ್ನ ‘ಲೊ’ ಬಗ್ಗೆ ಅಷ್ಟೊತ್ತು ಕೂಗಾಡಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

ಹೆಸರುಗಳನ್ನು ನೋಡಿಕೊಂಡು ಹೋಗೋಣ. ಎಫರ್ಡ್ ಚಬಾಲಾ, ಕೀಪರ್, ಇಟಲಿ ಪಂದ್ಯದಲ್ಲೂ ಇದ್ದವರು. ಡರ್ಬಿ ಮಕಿಂಕಾ. ವಿಸ್ಡಮ್ ಚಾನ್ಸಾ. ಕೆಲ್ವಿನ್ ಮುಟಾಲೆ, ಎರಡು ದಿನದ ಹಿಂದೆ ಮೂರು ಗೋಲ್ ಹೊಡೆದ ಹುಡುಗ. ಗಾಡ್‌ಫ್ರಿ ಚಿಟಾಲು, ತಂಡದ ಕೋಚ್. ಈ ಚಿಟಾಲು 1972ರಲ್ಲಿ ಒಂದೇ ವರ್ಷದಲ್ಲಿ 107 ಗೋಲ್ ಹೊಡೆದಿದ್ದರು ಅನ್ನುವುದು ಇಲ್ಲಿಯವರ ಲೆಕ್ಕ. 2012ರಲ್ಲಿ ಮೆಸ್ಸಿ 91 ಹೊಡೆದು ದಾಖಲೆ ಅಂತ ಲೋಕವೆಲ್ಲ ಕುಣಿಯುವಾಗ, ಜಾಂಬಿಯಾದ ಫುಟ್‌ಬಾಲ್ ಸಂಸ್ಥೆ ‘ಸ್ವಲ್ಪ ನಿಲ್ಲಿ’ ಅಂದಿತು. ಫಿಫಾ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ನನ್ನನ್ನು ಕೇಳಿದರೆ, ನಾನು ಚಿಟಾಲು ಕಡೆ. ಪುರಾವೆ ಕೇಳಬೇಡಿ.

ಬ್ಯಾಟರಿ ಇಪ್ಪತ್ತಮೂರು.

ಕಲುಷಾ ಆ ವಿಮಾನದಲ್ಲಿ ಇರಲಿಲ್ಲ. ಹಾಲೆಂಡ್‌ನಲ್ಲಿ ಪಿ.ಎಸ್.ವಿ. ಕ್ಲಬ್‌ಗೆ ಆಡುತ್ತಿದ್ದರು, ಅಲ್ಲಿಂದ ನೇರವಾಗಿ ಸೆನೆಗಲ್‌ಗೆ ಬರಬೇಕಿತ್ತು. ಉಳಿದುಕೊಂಡವರು ಏನು ಮಾಡಬೇಕು? ಹೊಸಬರನ್ನು ಸೇರಿಸಿ ತಂಡ ಕಟ್ಟಿದರು. ಡೆನ್ಮಾರ್ಕ್‌ನಲ್ಲಿ ಕೆಲವು ವಾರ ತರಬೇತಿ. ಜುಲೈ 4ಕ್ಕೆ ಇದೇ ಇಂಡಿಪೆಂಡೆನ್ಸ್ ಸ್ಟೇಡಿಯಂನಲ್ಲಿ ಮೊರಾಕೊ ವಿರುದ್ಧ ಪಂದ್ಯ, ಗೋರಿಗಳು ಇಲ್ಲೇ ಹೊರಗೆ. ಎರಡು ಒಂದರಿಂದ ಗೆದ್ದರು. ಅಕ್ಟೋಬರ್‌ನಲ್ಲಿ ಅದೇ ಮೊರಾಕೊ ಜೊತೆ ಕಾಸಾಬ್ಲಾಂಕಾದಲ್ಲಿ ಡ್ರಾ ಆಗಿದ್ದರೂ ವಿಶ್ವಕಪ್‌ಗೆ ಹೋಗುತ್ತಿದ್ದರು. ಒಂದು ಸೊನ್ನೆಯಿಂದ ಸೋತರು. ಆ ಪಂದ್ಯದ ರೆಫರಿ ಗ್ಯಾಬೊನ್‌ನವರು. ಅದೇ ಗ್ಯಾಬೊನ್. ಇಲ್ಲಿ ಯಾರ ಹತ್ತಿರವಾದರೂ ಆ ವಿಷಯ ಎತ್ತಿ ನೋಡಿ, ಟೀ ಆರಿ ಹೋಗುತ್ತದೆ.

ಮರುವರ್ಷ ಟುನೀಶಿಯಾದಲ್ಲಿ ಆಫ್ರಿಕಾ ಕಪ್. ಒಂದು ವರ್ಷವೂ ತುಂಬಿರಲಿಲ್ಲ, ಈ ಹೊಸ ತಂಡ ಫೈನಲ್‌ನಲ್ಲಿ ಇತ್ತು! ಲಿಟಾನಾ ಮೊದಲ ಗೋಲ್ ಹೊಡೆದ. ಆಮೇಲೆ ನೈಜೀರಿಯಾದ ಅಮುನಿಕೆ ಎರಡು. 1974ರಲ್ಲೂ ಫೈನಲ್ ಸೋತಿದ್ದರು. ಆಗ ಝೈರ್, ಅಂದರೆ ಈಗಿನ ಡಿ.ಆರ್. ಕಾಂಗೊ, ಅದರ ಜೊತೆ ಎರಡು ಎರಡು ಸಮ. ಪೆನಾಲ್ಟಿ ಇಲ್ಲ, ಮತ್ತೊಮ್ಮೆ ಆಡಿಸಿದರು, ಎರಡು ಸೊನ್ನೆಯಿಂದ ಸೋಲು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ, ಬೈಕೊಳ್ಳಿ. ಎಲ್ಲರೂ 2012ರ ಆಫ್ರಿಕಾ ಕಪ್ ಗೆಲುವನ್ನು ಹೊಗಳುತ್ತಾರೆ. ನನಗೆ 1994ರ ಸೋಲೇ ದೊಡ್ಡದು. 2012ರದ್ದು ಪೆನಾಲ್ಟಿ ಗೆಲುವು, ಅದೃಷ್ಟ ಜಾಸ್ತಿ.

ಉಹ್ಞೂಂ, ಇರಿ. ಈಗ ಲೆಕ್ಕ ಹಾಕುತ್ತಿದ್ದರೆ ಹಾಗೆ ಅನ್ನಿಸುತ್ತಿಲ್ಲ.

2012ರ ಆಫ್ರಿಕಾ ಕಪ್ ನಡೆಸಿದ್ದು ಎರಡು ದೇಶ, ಈಕ್ವಟೋರಿಯಲ್ ಗಿನಿ ಮತ್ತು ಗ್ಯಾಬೊನ್. ಜಾಂಬಿಯಾದ ಪಂದ್ಯಗಳೆಲ್ಲ ಈಕ್ವಟೋರಿಯಲ್ ಗಿನಿಯಲ್ಲೇ. ಲಿಬ್ರೆವಿಲ್‌ನಲ್ಲಿ ಆಡಬೇಕೆಂದರೆ ಒಂದೇ ದಾರಿ, ಫೈನಲ್ ತಲುಪಬೇಕು. ಮೊದಲ ಪಂದ್ಯದಲ್ಲೇ ಸೆನೆಗಲ್‌ನ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಘಾನಾ. ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿಯನ್ನು ಕೀಪರ್ ಮ್ವೀನೆ ತಡೆದ, ಮಯೂಕಾ ಒಂದು ಗೋಲ್ ಹೊಡೆದ, ಮುಗಿಯಿತು. ಲಿಬ್ರೆವಿಲ್‌ಗೆ ಬಂದವರು ಮೊದಲು ಹೋಗಿದ್ದು ಸಮುದ್ರದ ದಡಕ್ಕೆ. ಹೂವು ಹಾಕಿದರು. ಕಲುಷಾ ಆಗ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು, ಅವರೂ ಇದ್ದರು. ಕೋಚ್ ಫ್ರಾನ್ಸ್‌ನ ಹರ್ವೆ ರೆನಾರ್, ಬಿಳಿ ಅಂಗಿಯವರು.

ಫೆಬ್ರವರಿ 12. ಎದುರಿಗೆ ಐವರಿ ಕೋಸ್ಟ್. ಇಡೀ ಟೂರ್ನಿಯಲ್ಲಿ ಒಂದೂ ಗೋಲ್ ಬಿಟ್ಟುಕೊಡದ ತಂಡ. ಡ್ರೋಗ್ಬಾ ಪೆನಾಲ್ಟಿಯನ್ನು ಬಾರ್ ಮೇಲಿಂದ ಹೊಡೆದ. ಹೆಚ್ಚುವರಿ ಸಮಯವೂ ಮುಗಿದು ಸೊನ್ನೆ ಸೊನ್ನೆ. ಆಮೇಲೆ ಶೂಟೌಟ್. ಏಳು ಹೊಡೆತ ಇವರದ್ದು, ಏಳು ಅವರದ್ದು, ಎಲ್ಲವೂ ಒಳಗೆ. ಕೀಪರ್ ಮ್ವೀನೆ ಕೂಡ ಒಂದು ಹೊಡೆದ! ಎಂಟನೆಯದು ಕೋಲೊ ಟೂರೆಯದ್ದು, ಮ್ವೀನೆ ಹಿಡಿದ. ಕಲಾಬಾ ಗೆಲ್ಲಿಸಬಹುದಿತ್ತು, ಮೇಲಕ್ಕೆ ಹೊಡೆದ. ಜೆರ್ವಿನ್ಯೊ ತಪ್ಪಿದ. ಉಳಿದ ಜಾಂಬಿಯಾ ಆಟಗಾರರು ಮೈದಾನದಲ್ಲಿ ಮಂಡಿಯೂರಿ ಹಾಡುತ್ತಿದ್ದರು, ಸುನ್ಜು ಹಾಡಿಕೊಂಡೇ ಚೆಂಡಿನ ಹತ್ತಿರ ನಡೆದ. ಎಂಟು ಏಳು. ಮೊದಲ ಪಂದ್ಯದಿಂದ ಕೊನೆಯ ಹೊಡೆತದವರೆಗೆ ಸೆನೆಗಲ್, ಘಾನಾ, ಐವರಿ ಕೋಸ್ಟ್. ಅದೃಷ್ಟ ಅಂದಿದ್ದು ಯಾರು? ನಾನೇ. ವಾಪಸ್ ತಗೊಂಡೆ.

ಗಾಯವಾಗಿ ಹೊರಹೋಗಿದ್ದ ಜೋಸೆಫ್ ಮುಸೊಂಡಾನನ್ನು ರೆನಾರ್ ಎತ್ತಿಕೊಂಡು ಹೋಗಿ ಸಂಭ್ರಮದ ನಡುವೆ ಕೂರಿಸಿದರು. ಆ ದೃಶ್ಯ ಹುಡುಕಿ ನೋಡಿ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ, ಹೇಳಲು ಖುಷಿಯೂ ಇಲ್ಲ. 2013ರಲ್ಲಿ ಚಾಂಪಿಯನ್ನರು ಮೂರು ಡ್ರಾ ಮಾಡಿ ಗುಂಪಿನಲ್ಲೇ ಮನೆಗೆ. 2015ರ ನಂತರ ಸತತ ಮೂರು ಆಫ್ರಿಕಾ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ. ಗಂಡಸರ ತಂಡ ಇವತ್ತಿಗೂ ಒಂದು ವಿಶ್ವಕಪ್ ಆಡಿಲ್ಲ. ಹೆಂಗಸರು ಆಡಿ ಬಂದರು! 2023ರಲ್ಲಿ ಕಾಪರ್ ಕ್ವೀನ್ಸ್ ಹೋಗಿ ಕೋಸ್ಟರಿಕಾವನ್ನು ಮೂರು ಒಂದರಿಂದ ಸೋಲಿಸಿದರು. ಅದರಲ್ಲಿ ಬಾರ್ಬ್ರಾ ಬಾಂಡಾ ಹೊಡೆದ ಪೆನಾಲ್ಟಿ ಮಹಿಳಾ ವಿಶ್ವಕಪ್ ಇತಿಹಾಸದ ಸಾವಿರನೇ ಗೋಲ್. ನಾನು ಬಾಂಡಾ ಜರ್ಸಿ ಕೇಳಬೇಕಿತ್ತು. ಹೆಸರೂ ಚಿಕ್ಕದು, ತಪ್ಪು ಮಾಡುವುದು ಕಷ್ಟ.

ಬ್ಯಾಟರಿ ಒಂಬತ್ತು. ಹೊರಗೆ ವಿಟುಂಬುವಾ ಮಾರುತ್ತಿದ್ದಾರೆ, ಹಿಟ್ಟಿನ ಸಿಹಿ ಬೋಂಡಾ. ಮಧ್ಯಾಹ್ನ ನ್ಶಿಮಾ, ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ, ಜೊತೆಗೆ ಕಪೆಂಟಾ ಅನ್ನುವ ಪುಟ್ಟ ಒಣ ಮೀನು. ಮುದ್ದೆ ನುಂಗುವವರಿಗೆ ಈ ದೇಶದಲ್ಲಿ ಕಷ್ಟವಿಲ್ಲ.

ಕಮ್ವಾಲಾಕ್ಕೆ ವಾಪಸ್ ಬಂದಿದ್ದೇನೆ. ಅಂಗಡಿಯವನಿಗೆ ಬೆನ್ನು ತೋರಿಸಿದೆ. ಓದಿದ. ಮತ್ತೊಮ್ಮೆ ಓದಿದ. ‘ಬಾಸ್, ಎಲ್ಲ ಇವೆಯಲ್ಲ?’ ಅಂದ. ರಾಶಿಯಲ್ಲಿದ್ದ ಎಲ್ಲವನ್ನೂ ತಿರುವಿ ನೋಡಿದೆವು, ಇಬ್ಬರೂ ಸೇರಿ. ಇಪ್ಪತ್ತೆರಡು ಜರ್ಸಿ. ಒಂದರಲ್ಲೂ ಆ ‘ಲೊ’ ಇಲ್ಲ. ಅವನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾನೆ, ಈಗ ನಾನು ದುಡ್ಡು ಹೇಗೆ ಕೇಳಲಿ? ಅಯ್ಯೋ, ಕ್ಯಾಮೆರಾ ಕೆಂಪು ಮಿಟುಕುತ್ತಿದೆ, ನಾಳೆ ಬೆಳಿಗ್ಗೆ ಕಿಟ್ವೆ ಬಸ್ಸು, ಅಲ್ಲಿ ಮಾವನ ಸ್ಕೂ—